ಕೆಲಸ ಕೆಡಿಸದೆ ತಡೆಯುವ ವಿದ್ಯೆ

ಮುಂಬಯಿಯಿಂದ ಚೆನ್ನೈಗೆ ಹೋಗುವ ಹಳೆಯ ರೈಲು ಮಾರ್ಗದಲ್ಲಿ, ವಾಡಿ ಬಿಟ್ಟು ಯಾದಗಿರಿ ದಾಟಿದ ಮೇಲೆ, ಕೃಷ್ಣಾ ನದಿಯ ಸೇತುವೆ ಇನ್ನೂ ಸಿಗುವ ಮೊದಲು ಸೈದಾಪುರ ಎಂಬ ನಿಲ್ದಾಣವಿದೆ. ಹಳೆಯ ವೇಳಾಪಟ್ಟಿಗಳಲ್ಲಿ ಇದರ ಹೆಸರು ನಾರಾಯಣಪೇಟೆ ರೋಡ್. ಈಗ ತೆಲಂಗಾಣದಲ್ಲಿರುವ ನಾರಾಯಣಪೇಟೆಗೆ ಹೋಗುವವರು ಇಲ್ಲಿ ಇಳಿಯುತ್ತಿದ್ದರಾದ್ದರಿಂದ, ಊರಿನ ಹೆಸರು ಹಿಂದೆ ಸರಿದು ದಾರಿಯ ಹೆಸರು ಫಲಕವೇರಿತ್ತು. ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದರಾಸಿನ ಕಡೆಯಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೈಕೂಡಿಸಿದಂದಿನಿಂದ ದೇಶದ ಒಂದು ಮುಖ್ಯ ಹೆದ್ದಾರಿ ಈ ಊರಿನ ಪಕ್ಕದಲ್ಲೇ ಹಾದುಹೋಗಿದೆ. ನಿಲ್ಲುವ ಗಾಡಿಗಳಿಗಿಂತ ನಿಲ್ಲದೆ ಧೂಳೆಬ್ಬಿಸಿ ಹೋಗುವ ಗಾಡಿಗಳೇ ಹೆಚ್ಚು.

ಇಂತಹ ನಿಲ್ದಾಣವೊಂದರ ಸ್ಟೇಶನ್ ಮಾಸ್ತರರ ಕೋಣೆಯನ್ನು, ಕೈಮರಗಳ ಕಾಲದಲ್ಲಿದ್ದಂತೆ, ಒಮ್ಮೆ ನೆನಪಿಗೆ ತಂದುಕೊಳ್ಳಿ. ಮಾಸ್ತರರು ಮೇಜಿನ ಮುಂದೆ ಕುಳಿತು ಸರಕಿನ ಲೆಕ್ಕ ಬರೆಯುತ್ತಿದ್ದಾರೆ. ತೊಗರಿಯ ಚೀಲಗಳ ಸಂಖ್ಯೆ ಅರ್ಧ ಕೂಡಿಸಿದ್ದಾರೆ. ಅಷ್ಟರಲ್ಲಿ ಗೋಡೆಯ ಪಕ್ಕದ ಬ್ಲಾಕ್ ಯಂತ್ರದ ಗಂಟೆ ಬಡಿಯುತ್ತದೆ. ಪಕ್ಕದ ನಿಲ್ದಾಣದವರು, "ಗಾಡಿ ಬಿಡಲೇ?" ಎಂದು ಕೇಳುತ್ತಿದ್ದಾರೆ. ಮಾಸ್ತರರು ಕೂಡಿಸಿದಷ್ಟು ಮೊತ್ತವನ್ನು ಪೆನ್ಸಿಲ್ಲಿನಲ್ಲಿ ಅಂಚಿಗೆ ಬರೆದು, ಸಾಲಿನ ಮೇಲೆ ಅಡಿಪಟ್ಟಿ ಇಟ್ಟು ಏಳುತ್ತಾರೆ. ಹಳಿ ಖಾಲಿಯಿದೆಯೇ ಎಂದು ನೋಡಿ ಲೈನ್ ಕ್ಲಿಯರ್ ಕೊಡುತ್ತಾರೆ. ಹೊತ್ತನ್ನು ಪುಸ್ತಕದಲ್ಲಿ ಗುರುತು ಹಾಕುತ್ತಾರೆ. ಕೈಮರ ಇಳಿಸಲು ಹೇಳಿ ಮತ್ತೆ ಕುರ್ಚಿಗೆ ಬಂದು, ಅಡಿಪಟ್ಟಿ ಸರಿಸಿ, ಅಂಚಿನ ಮೊತ್ತದಿಂದಲೇ ಲೆಕ್ಕ ಮುಂದುವರಿಸುತ್ತಾರೆ. ಲೆಕ್ಕದ ಪುಸ್ತಕವನ್ನು ಮಾತ್ರ ನೋಡಿದವರಿಗೆ ನಡುವೆ ಒಂದು ಗಾಡಿ ಹಾದುಹೋದದ್ದು ತಿಳಿಯುವುದೇ ಇಲ್ಲ.

ಇಂದು ನಮ್ಮ ಮೇಜಿನ ಮೇಲೂ ಜೇಬಿನೊಳಗೂ ಇರುವ ಕಂಪ್ಯೂಟರುಗಳು ಪ್ರತಿ ಸೆಕೆಂಡಿಗೆ ನೂರಾರು ಬಾರಿ ಮಾಡುವ ಕೆಲಸ ಸರಿಯಾಗಿ ಇದೇ. ಇದಕ್ಕೆ ಕಂಪ್ಯೂಟರ್ ಶಾಸ್ತ್ರದಲ್ಲಿ ಇಂಟರಪ್ಟ್ ಎಂದು ಹೆಸರು. ಕನ್ನಡದಲ್ಲಿ ಅಡ್ಡಿ ಎಂದರೆ ಕೆಡುಕಿನ ಧ್ವನಿ ಬರುತ್ತದೆ. ಕರೆಗಂಟೆ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರ. ಈ ಗಂಟೆಯ ಕಥೆಯೂ, ಗಂಟೆಗೆ ಓಗೊಡುವಾಗ ತಪ್ಪು ನಡೆದರೆ ಅದನ್ನು ಕಂಡುಹಿಡಿಯುವ ಕಥೆಯೂ ಕೂಡಿಯೇ ಬೆಳೆದಿವೆ. ಆ ಎರಡನೆಯ ಕಥೆಯಲ್ಲಿ ಒಂದು ದೊಡ್ಡ ಅಧ್ಯಾಯ ಬರೆದದ್ದು ನಮ್ಮ ಬೆಂಗಳೂರಿನಲ್ಲಿ ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ.

ಗಂಟೆ ಏಕೆ ಬೇಕಾಯಿತು?

ಗಂಟೆ ಇಲ್ಲದ ನಿಲ್ದಾಣವನ್ನು ಊಹಿಸಿಕೊಳ್ಳಿ. ಗಾಡಿ ಬಂತೇ ಎಂದು ಮಾಸ್ತರರು ನಿಮಿಷಕ್ಕೊಮ್ಮೆ ಹೊರಗೆ ಹೋಗಿ ನೋಡಿ ಬರಬೇಕು. ಹೀಗೆ ಓಡಾಡುವುದರಲ್ಲೇ ದಿನ ಮುಗಿದು ಲೆಕ್ಕ ಹಾಗೇ ಉಳಿಯುತ್ತದೆ. ಲೆಕ್ಕದಲ್ಲಿ ಮೈಮರೆತರೆ ಗಾಡಿ ಹೊರಗಡೆ ಕೂಗಿಕೊಳ್ಳುತ್ತ ನಿಲ್ಲುತ್ತದೆ. ಮೊದಲ ಕಾಲದ ಕಂಪ್ಯೂಟರುಗಳ ಸ್ಥಿತಿ ಹೀಗೆಯೇ ಇತ್ತು. ಲೆಕ್ಕ ಮಾಡುವ ಭಾಗ ಬಹಳ ವೇಗದ್ದು. ಕಾಗದದ ಪಟ್ಟಿ ಓದುವ, ಅಕ್ಷರ ಮುದ್ರಿಸುವ ಉಪಕರಣಗಳು ಬಹಳ ನಿಧಾನದವು. ಒಂದು ಅಕ್ಷರ ಮುದ್ರಣವಾಗುವವರೆಗೆ ಕಾಯುತ್ತ ನಿಂತರೆ ಸಾವಿರಾರು ಲೆಕ್ಕಗಳ ಹೊತ್ತು ವ್ಯರ್ಥವಾಗುತ್ತಿತ್ತು.

1950ರ ದಶಕದ ನಡುವೆ ಅಮೆರಿಕದಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ವಿಮಾನದ ಮಾದರಿಗಳನ್ನು ಗಾಳಿ ಸುರಂಗದಲ್ಲಿಟ್ಟು ಪರೀಕ್ಷಿಸುತ್ತಿದ್ದವರಿಗೆ ಯುನಿವ್ಯಾಕ್ 1103 ಜಾತಿಯ ಕಂಪ್ಯೂಟರ್ ಬೇಕಾಗಿತ್ತು. ಸುರಂಗದಲ್ಲಿ ಗಾಳಿ ಬೀಸಿದಾಗ ಬರುವ ಅಳತೆಗಳು ಯಾರನ್ನೂ ಕಾಯುವುದಿಲ್ಲ. ಹಾಗೆಂದು ಗಾಳಿ ಬೀಸುವ ತನಕ ಅಷ್ಟು ದುಬಾರಿ ಯಂತ್ರವನ್ನು ಸುಮ್ಮನೆ ಕೂರಿಸುವಂತೆಯೂ ಇರಲಿಲ್ಲ. ಆದ್ದರಿಂದ ಬೇರೆ ಲೆಕ್ಕ ಮಾಡುತ್ತಿದ್ದ ಯಂತ್ರವನ್ನು ಹೊರಗಿನ ಒಂದು ವಿದ್ಯುತ್ ಸಂಜ್ಞೆ ತಡೆದು ತನ್ನ ಕಡೆಗೆ ತಿರುಗಿಸಿಕೊಳ್ಳುವ ಏರ್ಪಾಡನ್ನು ಅದರಲ್ಲಿ ಮಾಡಲಾಯಿತು.

ಸೌಕರ್ಯವೇನೋ ಆಯಿತು. ಆದರೆ ಅದರ ಜೊತೆಗೆ ಒಂದು ಭಯವೂ ಹುಟ್ಟಿತು. ಈ ಭಯವನ್ನು ಮೊದಲು ಸ್ಪಷ್ಟವಾಗಿ ಕಂಡವರಲ್ಲಿ ಒಬ್ಬರು ಹಾಲೆಂಡಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. ಇಲೆಕ್ಟ್ರೊಲಾಜಿಕಾ ಎಕ್ಸ್-1 ಎಂಬ ಯಂತ್ರಕ್ಕೆ ಇಂಟರಪ್ಟ್ ಸೇರಿಸಬೇಕೆಂದು ಅದನ್ನು ಕಟ್ಟುತ್ತಿದ್ದ ಅವರ ಸಂಗಡಿಗರು ಹೇಳಿದಾಗ ಡೈಕ್‌ಸ್ಟ್ರಾ ಅಂಜಿದರು. ಕೆಲವು ತಿಂಗಳು ಒಪ್ಪದೆ ಎಳೆದಾಡಿದರು. ಅವರ ಅಂಜಿಕೆಗೆ ಕಾರಣವಿತ್ತು. ಅಲ್ಲಿಯವರೆಗೆ ಕಂಪ್ಯೂಟರೆಂದರೆ ಒಂದೇ ಕ್ರಮವಿಧಿಗೆ ಒಂದೇ ದತ್ತಾಂಶ ಕೊಟ್ಟರೆ ನೂರು ಸಲವೂ ಒಂದೇ ರೀತಿ ನಡೆಯುವ ಯಂತ್ರ. ತಪ್ಪಾದರೆ ಮತ್ತೊಮ್ಮೆ ನಡೆಸಿ ನೋಡಬಹುದಾಗಿತ್ತು. ಗಂಟೆ ಬಂದ ಮೇಲೆ ಆ ಭರವಸೆ ಹೋಯಿತು. ಗಂಟೆ ಯಾವ ಕ್ಷಣದಲ್ಲಿ, ಯಾವ ಎರಡು ಆದೇಶಗಳ ನಡುವೆ ಬಡಿಯುವುದೆಂದು ಯಾರೂ ಹೇಳಲಾರರು. ಒಂದು ಕ್ಷಣ ಮುಂಚೆ ಬಡಿದರೆ ಸರಿ, ಒಂದು ಕ್ಷಣ ತಡವಾಗಿ ಬಡಿದರೆ ತಪ್ಪು ಎಂಬಂತಹ ದೋಷವನ್ನು ಮತ್ತೆ ತೋರಿಸು ಎಂದರೆ ಯಂತ್ರ ತೋರಿಸುವುದಿಲ್ಲ. ಕೊನೆಗೆ ಡೈಕ್‌ಸ್ಟ್ರಾ ಒಪ್ಪಿದರು. ತಡೆಯುವಾಗ ಯಂತ್ರದ ಸ್ಥಿತಿಯನ್ನೆಲ್ಲ ಎತ್ತಿಟ್ಟು, ಮರಳುವಾಗ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಿಂದಕ್ಕಿಡುವ ಶಿಸ್ತನ್ನು ರೂಪಿಸಿದರು. 1959ರ ಅವರ ಡಾಕ್ಟರೇಟ್ ಪ್ರಬಂಧ ಈ ಕೆಲಸದ ಫಲ. ಮಾಸ್ತರರ ಅಡಿಪಟ್ಟಿ ಮತ್ತು ಅಂಚಿನ ಪೆನ್ಸಿಲ್ ಗುರುತು ಹೀಗೆ ಕಂಪ್ಯೂಟರಿನೊಳಗೆ ಶಾಸ್ತ್ರವಾಯಿತು.

ತಿರುಳು ಮತ್ತು ಬಾಗಿಲುಗಳು

ಕಂಪ್ಯೂಟರಿನಲ್ಲಿ ನಾವು ಕಾಣುವ ಪತ್ರ ಬರೆಯುವ, ಚಿತ್ರ ತೋರಿಸುವ, ಹಣ ಕಳಿಸುವ ಎಲ್ಲ ಕ್ರಮವಿಧಿಗಳ ಕೆಳಗೆ ಕಣ್ಣಿಗೆ ಬೀಳದ ಒಂದು ಯಜಮಾನ ಕ್ರಮವಿಧಿ ಇರುತ್ತದೆ. ಅದು ಆಪರೇಟಿಂಗ್ ಸಿಸ್ಟಂ. ಅದರ ಒಳತಿರುಳಿಗೆ ಕರ್ನಲ್ ಎಂದು ಹೆಸರು. ಗಂಟೆಗಳೆಲ್ಲ ಬಡಿಯುವುದು ಈ ತಿರುಳಿನ ಕೋಣೆಯಲ್ಲಿ.

ಇಂಟೆಲ್ ಕಂಪನಿ 1978ರಲ್ಲಿ ತಂದ 8086 ಎಂಬ ಚಿಪ್ಪಿನ ವಂಶದ ಕಂಪ್ಯೂಟರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಇದರಲ್ಲಿ 0ಯಿಂದ 255ರವರೆಗೆ ಸಂಖ್ಯೆ ಹಾಕಿದ 256 ಬಾಗಿಲುಗಳ ಒಂದು ಪಟ್ಟಿ ಇರುತ್ತದೆ. ಯಾವ ಸಂಖ್ಯೆಯ ಗಂಟೆ ಬಡಿದರೆ ಯಾವ ಬಾಗಿಲಿನೊಳಗೆ ಹೋಗಬೇಕು, ಅಲ್ಲಿ ಯಾವ ಕೆಲಸ ಮಾಡಬೇಕು ಎಂಬುದನ್ನು ತಿರುಳು ಮೊದಲೇ ಬರೆದಿಟ್ಟಿರುತ್ತದೆ. ಲೆಕ್ಕ ಮಾಡುವಾಗ ಯಾವುದೋ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಲು ಹೊರಟರೆ ಸೊನ್ನೆಯ ಬಾಗಿಲು. ಬೇರೆ ಗಂಟೆಗಳಿಗೆಲ್ಲ ಕಿವಿ ಮುಚ್ಚಿಕೊಂಡಿದ್ದಾಗಲೂ ಕೇಳಲೇಬೇಕಾದ ತುರ್ತು ಗಂಟೆಗೆ ಎರಡನೆಯ ಬಾಗಿಲು. ಮೂರನೆಯ ಬಾಗಿಲಿನ ಕಥೆ ಮುಂದೆ ಬರುತ್ತದೆ. ಲಿನಕ್ಸ್ ಎಂಬ ತಿರುಳಿನಲ್ಲಿ 31ರವರೆಗಿನ ಬಾಗಿಲುಗಳು ಚಿಪ್ಪಿನ ಒಳಗಿನ ಸಂಗತಿಗಳಿಗೆ ಮೀಸಲು. ಕೀಲಿಮಣೆ, ಗಡಿಯಾರ, ಡಿಸ್ಕ್ ಮೊದಲಾದ ಹೊರಗಿನ ಉಪಕರಣಗಳಿಗೆ 32ರಿಂದ ಮುಂದಿನವು.

ಈ ಲಿನಕ್ಸ್ ಹುಟ್ಟಿದ್ದೇ ಒಂದು ಗಂಟೆಯ ಪ್ರಯೋಗದಿಂದ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ವಿದ್ಯಾರ್ಥಿಯಾಗಿದ್ದ ಲಿನಸ್ ಟೊರ್ವಾಲ್ಡ್ಸ್ ತಮ್ಮ ಹೊಸ ಕಂಪ್ಯೂಟರಿನಲ್ಲಿ ಎರಡು ಚಿಕ್ಕ ಕ್ರಮವಿಧಿ ಬರೆದರು. ಒಂದರ ಕೆಲಸ ಪರದೆಯ ಮೇಲೆ ಎ ಎಂಬ ಅಕ್ಷರ ಬರೆಯುತ್ತ ಹೋಗುವುದು, ಇನ್ನೊಂದರದು ಬಿ ಎಂಬುದನ್ನು. ಗಡಿಯಾರದ ಗಂಟೆ ಬಡಿದಾಗಲೆಲ್ಲ ಒಂದನ್ನು ತಡೆದು ಇನ್ನೊಂದಕ್ಕೆ ಸರದಿ ಕೊಡಬೇಕು. ಪರದೆಯ ಮೇಲೆ ಎ ಸಾಲು, ಬಿ ಸಾಲು ಸರದಿಯಾಗಿ ಮೂಡಿದವು. ಒಂದೇ ಯಂತ್ರ ಒಂದೇ ಹೊತ್ತಿನಲ್ಲಿ ಹಲವು ಕೆಲಸ ಮಾಡುವಂತೆ ನಮಗೆ ಕಾಣುವ ಮಾಯೆಯ ಗುಟ್ಟು ಇಷ್ಟೇ. ಆರಂಭದ ಲಿನಕ್ಸ್‌ನಲ್ಲಿ ಈ ಗಡಿಯಾರ ಸೆಕೆಂಡಿಗೆ 100 ಬಾರಿ ಬಡಿಯುತ್ತಿತ್ತು. ಇಂದು ಸೈದಾಪುರದ ಸಂತೆಯಲ್ಲಿ ತರಕಾರಿ ಮಾರುವವರ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗೂ ಇರುವುದು ಅದೇ ಲಿನಕ್ಸ್ ತಿರುಳಿನ ಸಂತತಿ.

ಗಂಟೆಗೆ ಓಗೊಡುವವರಿಗೆ ಕಟ್ಟುನಿಟ್ಟಾದ ಕೆಲವು ನಿಯಮಗಳಿವೆ. ಮೊದಲನೆಯದು, ಬೇಗ ಮುಗಿಸಬೇಕು. ಒಂದು ಗಂಟೆಗೆ ಓಗೊಡುತ್ತ ಕುಳಿತರೆ ಮುಂದಿನ ಗಂಟೆ ಕೇಳದೆ ಹೋಗಬಹುದು. ಆದ್ದರಿಂದ ಲಿನಕ್ಸ್ ಈ ಕೆಲಸವನ್ನು ಎರಡು ಪಾಲು ಮಾಡುತ್ತದೆ. ಮೇಲಿನ ಪಾಲು, ಬಂದ ಸುದ್ದಿಯನ್ನು ಬರೆದುಕೊಂಡು ಉಪಕರಣಕ್ಕೆ ಮುಟ್ಟಿತೆಂದು ಹೇಳುವಷ್ಟು ಮಾತ್ರ. ಉಳಿದ ದೊಡ್ಡ ಕೆಲಸ ಕೆಳಗಿನ ಪಾಲಿಗೆ. ಅದನ್ನು ಸ್ವಲ್ಪ ಬಿಡುವಾದಾಗ ಮಾಡಿದರಾಯಿತು. ಎರಡನೆಯದು, ಓಗೊಡುವಾಗ ನಿದ್ದೆ ಮಾಡಬಾರದು, ಅಂದರೆ ಇನ್ನೊಬ್ಬರಿಗಾಗಿ ಕಾಯುತ್ತ ಕೂರಬಾರದು. ಮೂರನೆಯದು, ಎಲ್ಲಿಂದ ಎದ್ದು ಬಂದೆವೋ ಅಲ್ಲಿಗೇ, ಹೇಗಿತ್ತೋ ಹಾಗೆಯೇ ಮರಳಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ದೋಷ ಅಲ್ಲೇ ಕಾಣಿಸಿಕೊಳ್ಳುವುದಿಲ್ಲ. ಬೇರೆ ಎಲ್ಲೋ, ಬೇರೆ ಯಾವಾಗಲೋ, ಯಾವ ತಪ್ಪನ್ನೂ ಮಾಡದ ಕ್ರಮವಿಧಿಯೊಂದು ಕುಸಿದು ಬೀಳುತ್ತದೆ.

ನಿಲ್ಲಿಸಲಾಗದ ಗಾಡಿಯ ರಿಪೇರಿ

ಹಾಗಾದರೆ ದೋಷ ಹುಡುಕುವುದು ಹೇಗೆ? ಹಳೆಯ ಉಪಾಯವೆಂದರೆ ಯಂತ್ರವನ್ನು ಸಂಶಯವಿರುವ ಜಾಗದಲ್ಲಿ ನಿಲ್ಲಿಸಿ ಒಳಗೆ ಇಣುಕುವುದು. 1946ರಲ್ಲಿ ಲೋಕಕ್ಕೆ ಪರಿಚಯವಾದ ಎನಿಯಾಕ್ ಯಂತ್ರದ ಕ್ರಮವಿಧಿ ರಚಿಸಿದ ಆರು ಮಂದಿ ಮಹಿಳೆಯರಲ್ಲಿ ಬೆಟ್ಟಿ ಸ್ನೈಡರ್ ಒಬ್ಬರು. ಲೆಕ್ಕದ ನಡುವೆ ಯಂತ್ರವನ್ನು ನಿಲ್ಲಿಸಲು ಒಂದು ತಂತಿಯನ್ನು ಕಿತ್ತಿಡುವ ಉಪಾಯ ಅವರದೆಂದು ಹೇಳುತ್ತಾರೆ. ತಂತಿ ಮುರಿದ ಜಾಗವಾದ್ದರಿಂದ ಬ್ರೇಕ್‌ಪಾಯಿಂಟ್ ಎಂಬ ಹೆಸರು ಬಂತು, ಇಂದಿಗೂ ಉಳಿದಿದೆ.

ಇಂಟೆಲ್ ಚಿಪ್ಪಿನ ಮೂರನೆಯ ಬಾಗಿಲು ಇರುವುದೇ ಈ ಬ್ರೇಕ್‌ಪಾಯಿಂಟಿಗಾಗಿ. ಕ್ರಮವಿಧಿಯ ಯಾವುದೇ ಜಾಗದಲ್ಲಿ 204 ಎಂಬ ಒಂದೇ ಬೈಟಿನ ಸಂಖ್ಯೆಯನ್ನು ಬರೆದರೆ, ಚಿಪ್ ಅಲ್ಲಿಗೆ ಬಂದೊಡನೆ ಮೂರನೆಯ ಗಂಟೆ ಬಡಿಯುತ್ತದೆ. ಒಂದೇ ಬೈಟ್ ಏಕೆಂದರೆ ಚಿಪ್ಪಿನ ಅತಿ ಚಿಕ್ಕ ಆದೇಶವೂ ಒಂದು ಬೈಟಿನದು. ಅದರ ಮೇಲೆ ಬರೆದರೂ ಪಕ್ಕದ ಆದೇಶಕ್ಕೆ ಚೆಲ್ಲಬಾರದು. ಕೀಲಿಮಣೆಯ ಗಂಟೆಯೂ ದೋಷ ಹುಡುಕುವವನ ಗಂಟೆಯೂ ಒಂದೇ ಪಟ್ಟಿಯ ಎರಡು ಸಾಲುಗಳು ಎಂಬುದನ್ನು ಓದುಗರು ಗಮನಿಸಬೇಕು. ಮೊದಲನೆಯದು ಹೊರಗಿನಿಂದ ಬರುವ ತಡೆ, ಎರಡನೆಯದು ನಾವೇ ಬೇಕೆಂದು ಇಟ್ಟ ತಡೆ.

ಆದರೆ ಯಂತ್ರವನ್ನು ನಿಲ್ಲಿಸಿ ನೋಡುವ ಈ ಉಪಾಯ ತಿರುಳಿನ ಮಟ್ಟದಲ್ಲಿ ಸೋಲುತ್ತದೆ. ಬ್ಯಾಂಕಿನ, ದೂರವಾಣಿಯ, ರೈಲ್ವೆ ಕಾದಿರಿಸುವಿಕೆಯ ಕಂಪ್ಯೂಟರುಗಳನ್ನು ಮಧ್ಯಾಹ್ನದ ಹೊತ್ತಿನಲ್ಲಿ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೂ ಪ್ರಯೋಜನ ಕಡಿಮೆ. ಗಂಟೆಗಳ ಹೊತ್ತು ಹೆಚ್ಚುಕಡಿಮೆಯಾದ್ದರಿಂದ ಹುಟ್ಟಿದ ದೋಷ, ನಿಲ್ಲಿಸಿದೊಡನೆ ಹೊತ್ತೇ ಬದಲಾಗಿ ಮಾಯವಾಗುತ್ತದೆ. ವೈದ್ಯರ ಮನೆಯ ಮೆಟ್ಟಿಲು ಹತ್ತಿದೊಡನೆ ಹಲ್ಲುನೋವು ನಿಂತಂತೆ.

ಇದು ಬರಿಯ ಪಾಂಡಿತ್ಯದ ಚರ್ಚೆಯಲ್ಲ. 1985ರಿಂದ 1987ರವರೆಗೆ ಉತ್ತರ ಅಮೆರಿಕದಲ್ಲಿ ಥೆರಾಕ್-25 ಎಂಬ ವಿಕಿರಣ ಚಿಕಿತ್ಸೆಯ ಯಂತ್ರ ಆರು ಸಲ ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. ಕಾರಣಗಳಲ್ಲಿ ಒಂದು, ಕೀಲಿಮಣೆಯ ಮುಂದೆ ಕುಳಿತವರು ಬಹಳ ಬೇಗ ತಿದ್ದುಪಡಿ ಒತ್ತಿದಾಗ ಮಾತ್ರ ಏಳುತ್ತಿದ್ದ ಹೊತ್ತಿನ ಗೊಂದಲ. ನಿಧಾನವಾಗಿ ಒತ್ತಿ ಪರೀಕ್ಷಿಸಿದವರಿಗೆ ಯಂತ್ರ ಸರಿಯಾಗಿಯೇ ಕಾಣುತ್ತಿತ್ತು. ಆಗಿಲ್ಲ ಎಂದು ಯಂತ್ರ ಹೇಳುತ್ತಿತ್ತು, ಆಯಿತು ಎಂದು ರೋಗಿ ಹೇಳುತ್ತಿದ್ದರು. ಯಂತ್ರದ ಮಾತನ್ನೇ ಹೆಚ್ಚು ಕಾಲ ನಂಬಲಾಯಿತು.

ಇದಕ್ಕೆ ಎದುರಾದ ಸಂತೋಷದ ಕಥೆಯೂ ಉಂಟು. 1997ರ ಜುಲೈ 4ರಂದು ಮಂಗಳ ಗ್ರಹದ ಮೇಲಿಳಿದ ಪಾತ್‌ಫೈಂಡರ್ ನೌಕೆಯ ಕಂಪ್ಯೂಟರ್ ಕೆಲವು ದಿನಗಳಲ್ಲಿ ತನ್ನಷ್ಟಕ್ಕೆ ಮತ್ತೆ ಮತ್ತೆ ಹೊಸದಾಗಿ ಆರಂಭವಾಗತೊಡಗಿತು. ಹವಾಮಾನದ ಅಳತೆಯ ಕಡಿಮೆ ಮಹತ್ವದ ಕೆಲಸವೊಂದು ಬೀಗದ ಕೈ ಹಿಡಿದುಕೊಂಡಿರುವಾಗ ನಡುವಿನ ದರ್ಜೆಯ ಕೆಲಸ ಅದನ್ನು ತಡೆಯುತ್ತಿತ್ತು. ಬೀಗದ ಕೈಗಾಗಿ ಕಾದ ಬಹುಮುಖ್ಯ ಕೆಲಸ ಹಾಗೇ ಉಳಿಯುತ್ತಿತ್ತು. ಕಾವಲು ಗಡಿಯಾರ ಇದನ್ನು ಕಂಡು, ಏನೋ ಕೆಟ್ಟಿದೆಯೆಂದು ಎಲ್ಲವನ್ನೂ ಹೊಸದಾಗಿ ಆರಂಭಿಸುತ್ತಿತ್ತು. ಅದೃಷ್ಟಕ್ಕೆ, ನಡೆದದ್ದನ್ನು ದಾಖಲಿಸುವ ಸೌಲಭ್ಯವನ್ನು ತಂತ್ರಜ್ಞರು ಉಡಾವಣೆಗೆ ಮೊದಲು ಕಿತ್ತುಹಾಕಿರಲಿಲ್ಲ. ಭೂಮಿಯ ಮೇಲಿನ ತದ್ರೂಪಿ ಯಂತ್ರದಲ್ಲಿ ಆ ದಾಖಲೆಯನ್ನು ಚಾಲೂ ಮಾಡಿ ದೋಷವನ್ನು ಮರುಕಳಿಸುವಂತೆ ಮಾಡಿದರು. ಬಳಿಕ ಕೋಟ್ಯಂತರ ಮೈಲಿ ದೂರದ ಕಂಪ್ಯೂಟರನ್ನು ಇಲ್ಲಿಂದಲೇ ಸರಿಪಡಿಸಿದರು. ದಾಖಲೆಯ ಸೌಲಭ್ಯ ಯಂತ್ರದೊಳಗೇ ಉಳಿದಿರಬೇಕೆಂಬ ಪಾಠ ಇದರಿಂದ ದೊರೆಯಿತು.

ಬೆಂಗಳೂರಿನ ಬೇಹುಗಾರ

ಈಗ ಬೆಂಗಳೂರಿಗೆ ಬರೋಣ. 2000ದ ಆಸುಪಾಸಿನಲ್ಲಿ ಲಿನಕ್ಸ್ ವಿದ್ಯಾರ್ಥಿಗಳ ಆಟಿಕೆಯಾಗಿ ಉಳಿದಿರಲಿಲ್ಲ. ಐಬಿಎಂನಂತಹ ದೊಡ್ಡ ಕಂಪನಿಗಳು ಅದನ್ನು ತಮ್ಮ ದೊಡ್ಡ ಯಂತ್ರಗಳಿಗೆ ತರುತ್ತಿದ್ದವು. ದೊಡ್ಡ ಯಂತ್ರವೆಂದರೆ ನಿಲ್ಲಿಸಲಾಗದ ಯಂತ್ರ. ಆದರೆ ತಿರುಳಿನೊಳಗೆ ದೋಷಶೋಧಕವನ್ನು ಸೇರಿಸಲು ಟೊರ್ವಾಲ್ಡ್ಸ್ ಒಪ್ಪುತ್ತಿರಲಿಲ್ಲ. ಅಂತಹ ಉಪಕರಣ ಕೈಗೆ ಸಿಕ್ಕರೆ ಜನ ಯೋಚಿಸುವುದನ್ನು ಬಿಟ್ಟು ಮೇಲುಮೇಲಿನ ತೇಪೆ ಹಚ್ಚುತ್ತಾರೆ ಎಂಬುದು 2000ದಲ್ಲಿ ಅವರು ಬಹಿರಂಗವಾಗಿ ಹೇಳಿದ ವಾದದ ಸಾರ. ಅದರಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಆದರೆ ಮಧ್ಯರಾತ್ರಿ ಕೆಟ್ಟ ಬ್ಯಾಂಕಿನ ಯಂತ್ರದ ಮುಂದೆ ಕುಳಿತವನಿಗೆ ಆ ಸತ್ಯಾಂಶದಿಂದ ಸಮಾಧಾನವಾಗದು.

ಬೆಂಗಳೂರಿನಲ್ಲಿದ್ದ ಐಬಿಎಂನ ಲಿನಕ್ಸ್ ಕೇಂದ್ರದ ಎಂಜಿನಿಯರುಗಳು ಹಿಡಿದದ್ದು ನಡುವಿನ ದಾರಿ. ಐಬಿಎಂನ ಓಎಸ್/2 ಎಂಬ ಹಳೆಯ ವ್ಯವಸ್ಥೆಯಲ್ಲಿ, ನಡೆಯುತ್ತಿರುವ ಯಂತ್ರದಲ್ಲೇ ಬೇಕಾದ ಕಡೆ ಗುರುತು ಹಾಕಿ ಸುದ್ದಿ ತೆಗೆಯುವ ಸೌಲಭ್ಯವಿತ್ತು. ಇಂಗ್ಲೆಂಡಿನ ರಿಚರ್ಡ್ ಮೂರ್ ಮತ್ತು ಬೆಂಗಳೂರಿನ ಬಳಗ ಕೂಡಿ ಅದನ್ನು ಡೈನಾಮಿಕ್ ಪ್ರೋಬ್ಸ್ ಎಂಬ ಹೆಸರಿನಲ್ಲಿ ಲಿನಕ್ಸ್‌ಗೆ ತಂದರು. ಅದು ಬಹಳ ದೊಡ್ಡದಾಗಿತ್ತು. ತಿರುಳಿನವರು ಒಳಗೆ ಬಿಟ್ಟುಕೊಳ್ಳಲಿಲ್ಲ. ಆಗ ಅದರ ಕೊಬ್ಬನ್ನೆಲ್ಲ ಇಳಿಸಿ, ತೀರಾ ಅಗತ್ಯವಾದ ಎಲುಬಿನ ಗೂಡನ್ನಷ್ಟೇ ಉಳಿಸಿದರು. ಅದೇ ಕೆಪ್ರೋಬ್ಸ್.

ಲಿನಕ್ಸ್‌ನ ಮೂಲಪಾಠವನ್ನು ಯಾರು ಬೇಕಾದರೂ ತೆರೆದು ನೋಡಬಹುದು. ಕೆಪ್ರೋಬ್ಸ್ ಕಡತದ ತಲೆಬರಹದಲ್ಲಿ, ದೇವಸ್ಥಾನದ ಕಲ್ಲಿನ ಮೇಲಿನ ದಾನಶಾಸನದಂತೆ, ಹೆಸರು ಮತ್ತು ತಿಂಗಳುಗಳಿವೆ. 2002ರ ಅಕ್ಟೋಬರಿನಲ್ಲಿ ಮೊದಲ ರೂಪ ಕಟ್ಟಿದವರು ವಂಶಿ ಕೃಷ್ಣ. ಆಸ್ಟ್ರೇಲಿಯಾದ ರಸ್ಟಿ ರಸೆಲ್ ಅವರ ಕೊಡುಗೆಯೂ ಅದರಲ್ಲಿದೆಯೆಂಬ ನಮೂದು ಜೊತೆಗಿದೆ. 2004ರ ಜುಲೈಯಲ್ಲಿ ಸುಪರ್ಣಾ ಭಟ್ಟಾಚಾರ್ಯ ಇನ್ನೊಂದು ಬಗೆಯ ಪ್ರೋಬನ್ನು ಸೇರಿಸಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪ್ರಸನ್ನ ಪಂಚಮುಖಿ ಅವರ ತಿದ್ದುಪಡಿ. 2004ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸ್ 2.6.9ರಲ್ಲಿ ಕೆಪ್ರೋಬ್ಸ್ ತಿರುಳಿನ ಅಧಿಕೃತ ಭಾಗವಾಯಿತು. ತಿರುಳಿನ ಪೂರ್ಣ ಪ್ರಮಾಣದ ದೋಷಶೋಧಕಕ್ಕೆ ಒಳಗೆ ಪ್ರವೇಶ ಸಿಕ್ಕಿದ್ದು ಇದಾದ ಸುಮಾರು ನಾಲ್ಕು ವರ್ಷಗಳ ಮೇಲೆ, 2008ರಲ್ಲಿ.

ಇದು ಕೆಲಸ ಮಾಡುವ ರೀತಿ ಸ್ವಾರಸ್ಯವಾಗಿದೆ. ತಿರುಳಿನ ಒಂದು ಜಾಗದಲ್ಲಿ ಏನು ನಡೆಯುತ್ತಿದೆಯೆಂದು ತಿಳಿಯಬೇಕಾಗಿದೆ ಎನ್ನೋಣ. ಕೆಪ್ರೋಬ್ಸ್ ಮೊದಲು ಆ ಜಾಗದ ಆದೇಶದ ಒಂದು ನಕಲನ್ನು ಬೇರೆ ಕಡೆ ತೆಗೆದಿಡುತ್ತದೆ. ಬಳಿಕ ಅಲ್ಲಿಯ ಮೊದಲ ಬೈಟನ್ನು ತೆಗೆದು 204ನ್ನು ಇಡುತ್ತದೆ. ಯಂತ್ರ ಓಡುತ್ತಲೇ ಇರುತ್ತದೆ. ಚಿಪ್ ಅಲ್ಲಿಗೆ ಬಂದಾಗ ಮೂರನೆಯ ಗಂಟೆ ಬಡಿಯುತ್ತದೆ. ಸ್ಥಿತಿಯೆಲ್ಲವೂ ಅಡಿಪಟ್ಟಿ ಇಟ್ಟಂತೆ ಭದ್ರವಾಗುತ್ತದೆ. ನಾವು ಬರೆದುಕೊಟ್ಟ ಚಿಕ್ಕ ಕ್ರಮವಿಧಿ ಎದ್ದು, ಬೇಕಾದ ಸಂಖ್ಯೆಗಳನ್ನು ಗುರುತು ಹಾಕಿಕೊಳ್ಳುತ್ತದೆ. ಅನಂತರ ತೆಗೆದಿಟ್ಟ ನಕಲು ಆದೇಶವನ್ನು ಚಿಪ್ ಒಂದೇ ಒಂದು ಹೆಜ್ಜೆ ನಡೆಸುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮೂಲ ದಾರಿಗೆ ಮರಳುತ್ತದೆ. ಯಂತ್ರ ನಿಂತದ್ದು ಕ್ಷಣದ ಸೂಕ್ಷ್ಮಾಂಶ ಮಾತ್ರ. ಸುದ್ದಿ ಮಾತ್ರ ನಮ್ಮ ಕೈಯಲ್ಲಿದೆ. ಕೆಲಸ ಮುಗಿದ ಮೇಲೆ ಮೂಲ ಬೈಟನ್ನು ಮತ್ತೆ ಇಟ್ಟರೆ ಬೇಹುಗಾರ ಬಂದುಹೋದ ಹೆಜ್ಜೆಗುರುತೂ ಉಳಿಯುವುದಿಲ್ಲ.

ಗಂಟೆಗೆ ಓಗೊಡುವವರ ನಿಯಮಗಳು ಈ ಬೇಹುಗಾರನಿಗೂ ಅನ್ವಯಿಸುತ್ತವೆ. ಅವನೂ ನಿದ್ದೆ ಮಾಡುವಂತಿಲ್ಲ, ಕಾಯುವಂತಿಲ್ಲ. ಅವನಿಗೆ ಇನ್ನೊಂದು ವಿಶೇಷ ನಿಷೇಧವೂ ಇದೆ: ತನ್ನ ಮೇಲೆಯೇ ತಾನು ಬೇಹುಗಾರಿಕೆ ಮಾಡುವಂತಿಲ್ಲ. ಕೆಪ್ರೋಬ್ಸ್‌ನ ಸ್ವಂತ ಪಾಠದಲ್ಲಿ ಪ್ರೋಬ್ ಇಟ್ಟರೆ ಗಂಟೆಗೆ ಓಗೊಡಲು ಹೋದವನನ್ನು ಅದೇ ಗಂಟೆ ಮತ್ತೆ ಕರೆಯುತ್ತದೆ. ಕರೆಗೆ ಕೊನೆಯೇ ಇರುವುದಿಲ್ಲ. ತನ್ನ ಹೆಗಲ ಮೇಲೆ ತಾನು ಹತ್ತಲಾಗದು ಎಂಬ ಮಾತು ಯಂತ್ರಲೋಕದಲ್ಲಿಯೂ ನಿಜ.

ಸತ್ತ ಮೇಲೂ ಸಾಕ್ಷಿ

ಬೇಹುಗಾರನಿದ್ದರೂ ಕೆಲವೊಮ್ಮೆ ತಿರುಳು ಪೂರ್ತಿಯಾಗಿ ಕುಸಿಯುತ್ತದೆ. ಆಗ ಅದರ ನೆನಪಿನಲ್ಲಿದ್ದುದನ್ನು ಡಿಸ್ಕಿಗೆ ಬರೆದಿಟ್ಟುಕೊಂಡರೆ ಕಾರಣ ಹುಡುಕಬಹುದು. ಆದರೆ ಬರೆಯಬೇಕಾದವನೇ ಕುಸಿದಿದ್ದಾನೆ. ಅವನ ಕೈಗೆ ಲೇಖನಿ ಕೊಟ್ಟರೆ ಒಳ್ಳೆಯ ಕಡತಗಳನ್ನೂ ಅಳಿಸಿಹಾಕಬಹುದು. ಇದಕ್ಕೆ ಪರಿಹಾರವಾಗಿ ಬಂದದ್ದು ಕೆಡಂಪ್. 2005ರಲ್ಲಿ ಲಿನಕ್ಸ್ 2.6.13ರೊಡನೆ ಇದು ಹೊರಬಂತು. ನೆನಪಿನ ಒಂದು ಮೂಲೆಯಲ್ಲಿ ಇನ್ನೊಂದು ಚಿಕ್ಕ ತಿರುಳನ್ನು ಮೊದಲೇ ಮಲಗಿಸಿಡುವುದು ಇದರ ಯುಕ್ತಿ. ದೊಡ್ಡ ತಿರುಳು ಬಿದ್ದ ಕ್ಷಣದಲ್ಲಿ ಚಿಕ್ಕದು ಎದ್ದು, ಬಿದ್ದದ್ದರ ನೆನಪನ್ನು ಮುಟ್ಟಿ ಕೆಡಿಸದೆ ಪಂಚನಾಮೆ ಮಾಡುತ್ತದೆ. ಆ ವರ್ಷ ಕೆನಡಾದ ಒಟ್ಟಾವಾದಲ್ಲಿ ಇದನ್ನು ವಿವರಿಸಿದ ಪ್ರಬಂಧದ ಮೂವರು ಲೇಖಕರಲ್ಲಿ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ ಐಬಿಎಂನ ಬೆಂಗಳೂರು ಬಳಗದವರು. ಮೂರನೆಯವರು ಒಂದು ತಿರುಳಿನಿಂದ ಇನ್ನೊಂದಕ್ಕೆ ನೇರವಾಗಿ ಹಾರುವ ವಿಧಾನ ರೂಪಿಸಿದ ಎರಿಕ್ ಬೀಡರ್‌ಮನ್.

ಮುಂದಿನ ಕಥೆ ಹಲವು ಕೈಗಳದು. 2010ರಲ್ಲಿ ಜಪಾನಿನ ಮಸಾಮಿ ಹಿರಾಮತ್ಸು ಕೆಪ್ರೋಬ್ಸ್‌ನ ವೇಗ ಹೆಚ್ಚಿಸುವ ಉಪಾಯ ಸೇರಿಸಿದರು. 2012ರಲ್ಲಿ ಇದೇ ವಿದ್ಯೆಯನ್ನು ತಿರುಳಿನ ಹೊರಗಿನ ಸಾಮಾನ್ಯ ಕ್ರಮವಿಧಿಗಳಿಗೂ ವಿಸ್ತರಿಸುವ ಯುಪ್ರೋಬ್ಸ್ ಬಂತು. ಅದನ್ನು ವರ್ಷಗಟ್ಟಲೆ ತಿದ್ದಿ ತೀಡಿ ದಡ ಮುಟ್ಟಿಸಿದ ಶ್ರೀಕರ್ ದ್ರೋಣಂರಾಜು ಕೂಡ ಬೆಂಗಳೂರಿನ ಬಳಗದವರೇ. 2004ರ ಜುಲೈಯಲ್ಲಿ ಸೇರಿದ ಆ ಇನ್ನೊಂದು ಬಗೆಯ ಪ್ರೋಬನ್ನು, ಅದಕ್ಕಿಂತ ಉತ್ತಮ ದಾರಿಗಳು ಬಂದ ಮೇಲೆ, 2018ರಲ್ಲಿ ತೆಗೆದುಹಾಕಲಾಯಿತು. ಕಲ್ಲಿನ ಶಾಸನಕ್ಕಿಂತ ಇದು ಭಿನ್ನ. ಇಲ್ಲಿ ಬರೆದದ್ದು ಉಪಯೋಗವಿರುವಷ್ಟು ಕಾಲ ಮಾತ್ರ ನಿಲ್ಲುತ್ತದೆ.

ಈ ವಿದ್ಯೆಗೆ ಕತ್ತಲೆಯ ಮುಖವೂ ಇದೆ ಎಂಬುದನ್ನು ಮರೆಮಾಚಬಾರದು. ತಿರುಳಿನ ಯಾವ ಜಾಗದಲ್ಲಿ ಬೇಕಾದರೂ ಕಿವಿ ಇಡುವ ಶಕ್ತಿ ಕಳ್ಳನ ಕೈಗೆ ಸಿಕ್ಕರೆ, ಅವನು ಅದನ್ನು ಕದಿಯಲೂ ತನ್ನ ಇರವನ್ನು ಅಡಗಿಸಲೂ ಬಳಸಿಕೊಳ್ಳುತ್ತಾನೆ. ಅದಕ್ಕೇ ಯಂತ್ರದ ಯಜಮಾನನಿಗೆ ಮಾತ್ರ ಈ ಅಧಿಕಾರ. ಅತಿ ಬಿಗಿಯ ಕಾವಲು ಬೇಕಾದ ಕಡೆ ಇದನ್ನು ಪೂರ್ತಿ ಮುಚ್ಚಿಯೂ ಇಡುತ್ತಾರೆ. ಮುಚ್ಚಿದರೆ ಕಳ್ಳನೂ ಬರಲಾರ, ವೈದ್ಯನೂ ಬರಲಾರ. ಯಾವುದು ಹೆಚ್ಚಿನ ಅಪಾಯ ಎಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಗೆ ತಕ್ಕಂತೆ ತೂಗಿ ನೋಡಬೇಕು.

ಬೆಂಗಳೂರಿನ ಕಂಪ್ಯೂಟರ್ ಉದ್ಯಮವೆಂದರೆ ಪರದೇಶದವರು ಹೇಳಿದ ಕೂಲಿ ಕೆಲಸ ಎಂಬ ಮಾತು ಆ ವರ್ಷಗಳಲ್ಲಿ ಸಾಮಾನ್ಯವಾಗಿತ್ತು. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಆದರೆ ಅದೇ ಹೊತ್ತಿನಲ್ಲಿ, ಅದೇ ಊರಿನಲ್ಲಿ, ಲೋಕವೆಲ್ಲ ಬಳಸುವ ತಿರುಳಿನ ಒಳಗೆ ಕೈಯಿಟ್ಟು, ಓಡುವ ಯಂತ್ರದ ನಾಡಿ ಹಿಡಿಯುವ ವಿದ್ಯೆಯನ್ನು ಕೆಲವರು ಕಟ್ಟುತ್ತಿದ್ದರು. ಅವರು ಮಾಡಿದ್ದನ್ನು ಗಿರಾಕಿಗಳು ಅಂಗಡಿಯಲ್ಲಿ ಕೊಳ್ಳಲಿಲ್ಲ, ಪತ್ರಿಕೆಗಳು ದೊಡ್ಡಕ್ಷರದಲ್ಲಿ ಅಚ್ಚುಹಾಕಲಿಲ್ಲ. ದೋಷ ಹುಡುಕುವವನ ಕೆಲಸದ ಸ್ವಭಾವವೇ ಹಾಗೆ. ಅವನು ಗೆದ್ದ ದಿನ ಏನೂ ನಡೆಯುವುದಿಲ್ಲ: ಬ್ಯಾಂಕು ತೆರೆದಿರುತ್ತದೆ, ಫೋನು ಸದ್ದು ಮಾಡುತ್ತದೆ, ಗಾಡಿ ಹೊತ್ತಿಗೆ ಬರುತ್ತದೆ.

ರೈಲ್ವೆಯೂ ಇದೇ ಪಾಠವನ್ನು ತನ್ನ ದಾರಿಯಲ್ಲಿ ಕಲಿತಿದೆ. ವಿದ್ಯುತ್ ಸಂಕೇತ ವ್ಯವಸ್ಥೆ ಬಂದ ನಿಲ್ದಾಣಗಳಲ್ಲಿ ಡೇಟಾ ಲಾಗರ್ ಎಂಬ ಪೆಟ್ಟಿಗೆ ಇರುತ್ತದೆ. ಯಾವ ಗುಂಡಿ ಯಾವಾಗ ಒತ್ತಿದರು, ಯಾವ ಸಿಗ್ನಲ್ ಯಾವ ಕ್ಷಣದಲ್ಲಿ ಬದಲಾಯಿತು ಎಂಬುದನ್ನು ಅದು ಯಾರ ಕೆಲಸವನ್ನೂ ತಡೆಯದೆ ಬರೆದುಕೊಳ್ಳುತ್ತದೆ. ಏನಾದರೂ ಅನಾಹುತವಾದರೆ ವಿಚಾರಣೆಗೆ ಬಂದವರು ಮೊದಲು ಕೇಳುವ ದಾಖಲೆಗಳಲ್ಲಿ ಅದೂ ಒಂದು. ಕೈಮರದ ಕಾಲದ ಮಾಸ್ತರರು ಪ್ರತಿ ಗಂಟೆಯ ಹೊತ್ತನ್ನೂ ಪುಸ್ತಕದಲ್ಲಿ ಗುರುತು ಹಾಕುತ್ತಿದ್ದುದು ಇದಕ್ಕಾಗಿಯೇ. ಗಾಡಿ ಹೋದ ಮೇಲೆ ಹಳಿಯ ಮೇಲೆ ಏನೂ ಉಳಿಯುವುದಿಲ್ಲ; ಉಳಿಯುವುದು ಪುಸ್ತಕದ ಆ ಒಂದು ಸಾಲು.

ಸೈದಾಪುರದ ಕಡೆ ಹೋದಾಗ, ನಿಲ್ಲದ ಗಾಡಿಯೊಂದು ಪ್ಲಾಟ್‌ಫಾರಂ ನಡುಗಿಸಿ ಹಾದುಹೋಗುವುದನ್ನು ನೀವು ನೋಡಬಹುದು. ಧೂಳು ಇಳಿಯುತ್ತದೆ. ಕಟ್ಟೆಯ ಮೇಲೆ ಕುಳಿತವರು ತಡೆದ ಮಾತನ್ನು ತಡೆದ ಪದದಿಂದಲೇ ಮುಂದುವರಿಸುತ್ತಾರೆ. ಕಂಪ್ಯೂಟರಿನ ಪಂಡಿತರು ಅರ್ಧ ಶತಮಾನ ಹೆಣಗಿ ಕಲಿತದ್ದು ಇದನ್ನೇ.